ಕೆಸುವಿನ ಎಲೆ ಮೆದ್ದ ಮೇಷ್ಟ್ರು

ನನಗೆ ಗೊತ್ತಿಲ್ಲದ ವಿಷಯ ಈ ಭೂಮಂಡಲದಲ್ಲಿ ಇರಬಹುದು, ಇಲ್ಲವೆಂದು ನಾನು ವಾದಿಸುವುದಿಲ್ಲ. ಆದರೆ ನಾನು ಉತ್ತರ ಹೇಳಲಾರದ ವಿಷಯ ಮಾತ್ರ ಒಂದೂ ಇಲ್ಲ! ಇವೆರಡರ ನಡುವೆ ಏನೋ ವ್ಯತ್ಯಾಸವಿದೆ ಎಂಬುದು ನನಗೆ ನಲವತ್ತಮೂರನೇ ವಯಸ್ಸಿನವರೆಗೆ ತಿಳಿದಿರಲಿಲ್ಲ. ತಿಳಿಯುವ ಅಗತ್ಯವೂ ಬಿದ್ದಿರಲಿಲ್ಲ.

ನನ್ನ ಹೆಸರು ಶ್ರೀಕಂಠ. ಮನೆ ನಂಜನಗೂಡಿನಲ್ಲಿ, ನೌಕರಿ ಟಿ. ನರಸೀಪುರದ ಒಂದು ಹೈಸ್ಕೂಲಿನಲ್ಲಿ. ಸಮಾಜ ವಿಜ್ಞಾನದ ಮೇಷ್ಟ್ರು. ಬೆಳಿಗ್ಗೆ ಬಸ್ಸಿನಲ್ಲಿ ಹೋಗಿ ಸಂಜೆ ಬಸ್ಸಿನಲ್ಲಿ ಬರುತ್ತೇನೆ. ಪಕ್ಕದಲ್ಲಿ ಕೂತವರು ಕೇಳಲಿ ಬಿಡಲಿ, ಕಿಟಕಿಯಾಚೆ ಕಾಣುವ ಸಕಲ ಚರಾಚರಗಳ ಬಗ್ಗೆ ವಿವರಣೆ ಕೊಡುತ್ತೇನೆ. ಈಚೆಗೆ ನನ್ನ ಪಕ್ಕದಲ್ಲಿ ಯಾರೂ ಕೂರುವುದಿಲ್ಲ. ಗೌರವ!

ನನಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ಮೈತ್ರಿ, ಒಂಬತ್ತು ವರ್ಷ, ನಾಲ್ಕನೇ ಕ್ಲಾಸು. ಚಿಕ್ಕವಳು ಸಿರಿ, ನಾಲ್ಕು ತುಂಬಿದೆ, ಅದೇ ಸರ್ಕಾರಿ ಶಾಲೆಯಲ್ಲಿ ಎಲ್.ಕೆ.ಜಿ.

ಮೈತ್ರಿಗೆ ಮೂರು ವರ್ಷವಿದ್ದಾಗಿನ ಕಾಲ ನೆನೆದರೆ ಈಗಲೂ ಎದೆ ಉಬ್ಬುತ್ತದೆ. ಒಂದು ದಿನ ಸ್ನಾನಘಟ್ಟದ ಮೆಟ್ಟಿಲ ಮೇಲೆ ನಿಂತು, "ಅಪ್ಪ, ಈ ಕಪಿಲಾ ಎಲ್ಲಿಗೋಗ್ತಾಳೆ?" ಎಂದು ಕೇಳಿದಳು.

"ನರಸೀಪುರಕ್ಕೆ. ಅಲ್ಲಿ ಅವಳ ಅಕ್ಕ ಕಾವೇರಿ ಇದಾಳೆ."

"ಮತ್ತೆ ನಿನ್ ಥರ ಬಸ್ಸಲ್ಲಿ ಯಾಕೋಗಲ್ಲ?"

"ಬಸ್ಸು ಒದ್ದೆಯಾಗುತ್ತೆ ಅಂತ ಕಂಡಕ್ಟರ್ ಹತ್ತಿಸಲ್ಲ."

ಮಗು ಗಂಭೀರವಾಗಿ ತಲೆಯಾಡಿಸಿತು. ಆ ತಲೆಯಾಟದ ಮುಂದೆ ರಾಜ್ಯಪ್ರಶಸ್ತಿಯೂ ಸಪ್ಪೆ! ನಾನು ದೊಡ್ಡ ದನಿಯಲ್ಲಿ ಹೇಳಿದ್ದೆಲ್ಲ ಅವಳಿಗೆ ವೇದವಾಕ್ಯ. ಅವಳ ಅಮ್ಮ ವಾಣಿ ಸರಿಯಾದ ಉತ್ತರವನ್ನೇ ಹೇಳಿದರೂ, "ಇರಬೇಕು ಅನ್ಸುತ್ತೆ" ಎಂದು ಕೊನೆಯಲ್ಲಿ ಸೇರಿಸುವ ಅಭ್ಯಾಸವಿದ್ದದ್ದರಿಂದ, ಮಗು ಅವಳನ್ನು ಬಿಟ್ಟು ನನ್ನ ಕಡೆಗೇ ಬರುತ್ತಿತ್ತು. ವಾಣಿ ಲ್ಯಾಬ್ ಟೆಕ್ನಿಷಿಯನ್. ರಕ್ತ ಪರೀಕ್ಷೆ ಮಾಡುವವರಿಗೆ ಅನುಮಾನ ಜಾಸ್ತಿ, ಪಾಪ.

ಐದನೇ ವರ್ಷದಲ್ಲಿ ಮೊದಲ ಬಿರುಕು. ಅದೇ ಹೊಳೆ ದಡದಲ್ಲಿ ಬೆಳ್ಳಗೆ ಒಂದು ಹಕ್ಕಿ ಒಂಟಿಕಾಲಲ್ಲಿ ನಿಂತಿತ್ತು. "ನೋಡು ಮೈತ್ರಿ, ಹಂಸ!" ಎಂದೆ.

ಎಮ್ಮೆ ಮೈ ತೊಳೆಯುತ್ತಿದ್ದವನೊಬ್ಬ ತಿರುಗಿ ನೋಡಿ, "ಕೊಕ್ಕರೆ ಕಣ್ ಸಾ ಅದು" ಎಂದ.

"ಹಂಸದಲ್ಲೇ ಕೊಕ್ಕರೆ ಅಂತ ಒಂದು ಜಾತಿ" ಎಂದು ನಾನು ತಕ್ಷಣ ರಿಪೇರಿ ಮಾಡಿದೆ.

ಮುಂದಿನ ಹಕ್ಕಿ ಕಂಡಾಗ ಮೈತ್ರಿ ನನ್ನ ಕೈ ಬಿಟ್ಟು ಎಮ್ಮೆಯವನ ಹತ್ತಿರ ಹೋಗಿ ಕೇಳಿದಳು.

ಆರನೇ ವರ್ಷದಲ್ಲಿ ಪರೀಕ್ಷೆಗಳು ಶುರುವಾದವು. "ಅಪ್ಪ, ಜೇಡಕ್ಕೆ ಎಷ್ಟು ಕಾಲು?" ಎಂದು ಕೇಳುತ್ತಾಳೆ. "ಆರು!" ಎಂದು ಹೇಳುತ್ತೇನೆ. ಬಚ್ಚಲುಮನೆಗೆ ಹೋಗುತ್ತಾಳೆ, ಗೋಡೆ ನೋಡುತ್ತಾಳೆ, ವಾಪಸು ಬರುತ್ತಾಳೆ, ಸುಮ್ಮನೆ ಕೂರುತ್ತಾಳೆ. ಆ ಮೌನವಿದೆಯಲ್ಲ, ಅದು ಶಾಲಾ ತಪಾಸಣೆಗೆ ಬಂದ ಇನ್ಸ್‌ಪೆಕ್ಟರರ ಮೌನ. ಉತ್ತರ ಮೊದಲೇ ಗೊತ್ತಿಟ್ಟುಕೊಂಡು ಪ್ರಶ್ನೆ ಕೇಳುವುದು ಮೇಷ್ಟ್ರುಗಳ ಜನ್ಮಸಿದ್ಧ ಹಕ್ಕು. ಅದನ್ನು ನನ್ನ ಮನೆಯಲ್ಲೇ ನನ್ನ ಮೇಲೆ ಪ್ರಯೋಗಿಸಲಾಗುತ್ತಿತ್ತು!

ಎಂಟನೇ ವರ್ಷಕ್ಕೆ ಖಾತೆ ಹಂಚಿಕೆಯೇ ಆಗಿಹೋಯಿತು. ಅವಳ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ 'ಯಾರನ್ನ ಏನು ಕೇಳೋದು' ಎಂಬ ಪಟ್ಟಿ ವಾಣಿಯ ಕಣ್ಣಿಗೆ ಬಿತ್ತು. ಜ್ವರ, ರಕ್ತ, ಲೆಕ್ಕ, ಅಡುಗೆ ಅಮ್ಮನಿಗೆ. ಗಿಡ, ಸೊಪ್ಪು, ಹುಳ, ಮಳೆ ಚಿಕ್ಕತಾಯಮ್ಮಜ್ಜಿಗೆ. ರಾಜರು ಮತ್ತು ರಾಜಧಾನಿಗಳು ಅಪ್ಪನಿಗೆ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ, 'ಆಮೇಲೆ ಪುಸ್ತಕ ನೋಡು.'

ವಾಣಿ ಅದನ್ನು ನನಗೆ ಓದಿ ಹೇಳುವಾಗ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಿದ್ದಳು. ಕೆಮ್ಮು ಇರಬೇಕು.

ಚಿಕ್ಕತಾಯಮ್ಮ ಎಂದರೆ ತಾಂಡವಪುರದಿಂದ ಬೆಳಿಗ್ಗೆ ಬುಟ್ಟಿಯಲ್ಲಿ ಸೊಪ್ಪು ಹೊತ್ತು ನಮ್ಮ ಬೀದಿಗೆ ಬರುವ ಹೆಂಗಸು. ಅರವತ್ತು ದಾಟಿದೆ. ಮೈತ್ರಿ ಹಲ್ಲುಜ್ಜುವುದನ್ನೂ ಬಿಟ್ಟು ಹೋಗಿ ಅವಳ ಬುಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂರುತ್ತಾಳೆ. ಇರಲಿ. ನನಗೆ ಸಿರಿ ಇದ್ದಳು. ನಾಲ್ಕು ವರ್ಷದ ಅಚ್ಚ ಹೊಸ ಶ್ರೋತೃ! "ಅಪ್ಪಂಗೆ ಎಲ್ಲಾ ಗೊತ್ತು" ಎಂದು ಅವಳು ಎಲ್.ಕೆ.ಜಿ. ತುಂಬ ಸಾರಿಕೊಂಡು ಬಂದಿದ್ದಳು. ಒಂದು ಸಂಸ್ಥಾನ ಕೈಬಿಟ್ಟರೂ ಇನ್ನೊಂದರಲ್ಲಿ ನನ್ನ ಧ್ವಜ ಹಾರುತ್ತಿತ್ತು.

ಹೀಗಿರಲು ಮೈತ್ರಿಯ ಶಾಲೆಯಲ್ಲಿ ಒಂದು ಕಾರ್ಯಕ್ರಮ ಹಾಕಿಕೊಂಡರು. ನಮ್ಮ ಸುತ್ತಲಿನ ಗಿಡಗಳ ಬಗ್ಗೆ ಚೆನ್ನಾಗಿ ತಿಳಿದವರೊಬ್ಬರನ್ನು ಮಕ್ಕಳೇ ಆರಿಸಬೇಕು, ಅವರು ಶನಿವಾರ ಬಂದು ಒಂದು ಗಂಟೆ ಮಾತಾಡಬೇಕು. ಒಬ್ಬೊಬ್ಬರೂ ಒಂದು ಚೀಟಿಯಲ್ಲಿ ಹೆಸರು ಬರೆದು, ಯಾಕೆಂದು ಎದ್ದುನಿಂತು ಹೇಳಿದರಂತೆ. ನಾನು ಆ ದಿನವೇ ಇಸ್ತ್ರಿಗೆ ಷರಟು ಕೊಟ್ಟೆ.

ಸಂಜೆ ಬಂದು ಕೇಳಿದೆ, "ಯಾರು ಆಯ್ಕೆಯಾದ್ರು ಮೈತ್ರಿ?"

"ಚಿಕ್ಕತಾಯಮ್ಮಜ್ಜಿ."

"ಅವಳ ಹೆಸರು ಯಾರು ಬರೆದದ್ದು?"

"ನಾನೇ. ನಾನು ಹೇಳಿದ್ಮೇಲೆ ಎಲ್ರೂ ಕೈ ಎತ್ತಿದ್ರು."

ಮನೆಮಗಳೇ ವಿರೋಧ ಪಕ್ಷದ ಅಭ್ಯರ್ಥಿಯನ್ನು ಸೂಚಿಸಿದ್ದಾಳೆ! ವಾಣಿ ಹೇಳಿದಳು, "ಒಳ್ಳೇ ಆಯ್ಕೆ ಕಣ್ರೀ. ಅವ್ರಿಗೆ ಗೊತ್ತಿರೋಷ್ಟು ಯಾರಿಗೆ ಗೊತ್ತು?"

"ಗೊತ್ತಿರೋದು ಬೇರೆ, ಸಭೆಯಲ್ಲಿ ಮಾತಾಡೋದು ಬೇರೆ. ಪಾಪ, ಹಳ್ಳಿ ಹೆಂಗಸು. ನಲವತ್ತು ಮಕ್ಕಳ ಮುಂದೆ ನಿಂತರೆ ಬಾಯಿ ಬರುತ್ತೇನೆ?"

"ಇಡೀ ನಂಜನಗೂಡಿಗೆ ಕೇಳೋ ಹಾಗೆ ಸೊಪ್ಪೂ ಅಂತ ಕೂಗ್ತಾರೆ. ಬಾಯಿ ಬರಲ್ವಾ?"

ಇಂಥ ಮಾತಿಗೆ ನಾನು ಕಿವಿಗೊಡುವುದಿಲ್ಲ. ಮಾರನೆಯ ದಿನ ಮೈತ್ರಿಯ ಕ್ಲಾಸ್ ಟೀಚರಿಗೆ ಫೋನು ಮಾಡಿ, ಕೇವಲ ಶಿಕ್ಷಣದ ಹಿತದೃಷ್ಟಿಯಿಂದ, ಚಿಕ್ಕತಾಯಮ್ಮನ ಮಾತನ್ನು ವೈಜ್ಞಾನಿಕವಾಗಿ ವಿವರಿಸಲು ಪಕ್ಕದಲ್ಲಿ ಒಬ್ಬರು ಬೇಕಾಗಬಹುದೆಂದು ಸೂಚಿಸಿದೆ. ಟೀಚರು ಸಂಕೋಚದ ಹೆಂಗಸು. "ಬನ್ನಿ ಸಾರ್" ಎಂದರು. ನಾನು ಸಹಾಯಕ ಸಂಪನ್ಮೂಲ ವ್ಯಕ್ತಿಯಾದೆ! ಶನಿವಾರಕ್ಕೆ ಸಿ.ಎಲ್. ಕೂಡ ಹಾಕಿದೆ.

ಇನ್ನು ತಯಾರಿ. ಗುರುವಾರ ಸಂಜೆ ಬಸ್ಸು ಹತ್ತುವ ಮೊದಲು ನರಸೀಪುರದ ಒಂದು ಬದುವಿನಲ್ಲಿ ಕಂಡ ಸೊಪ್ಪನ್ನು ಕೈತುಂಬ ಕಿತ್ತು ತಂದೆ. "ಹೊನಗೊನ್ನೆ ಸೊಪ್ಪು, ಕಣ್ಣಿಗೆ ಒಳ್ಳೇದು" ಎಂದು ಅಡುಗೆಮನೆಯ ಕಟ್ಟೆ ಮೇಲಿಟ್ಟೆ. ಸಿರಿ ಚಪ್ಪಾಳೆ ತಟ್ಟಿದಳು. ಮೈತ್ರಿ ಒಂದು ಕಡ್ಡಿ ಎತ್ತಿ ಮೂಸಿ ಕೆಳಗಿಟ್ಟಳು. ಬೆಳಿಗ್ಗೆ ಚಿಕ್ಕತಾಯಮ್ಮ ಬಂದಾಗ ಅದನ್ನೇ ತೆಗೆದುಕೊಂಡು ಹೋಗಿ ತೋರಿಸಿದಳು.

ಚಿಕ್ಕತಾಯಮ್ಮ ಒಳ್ಳೆಯವಳು. ನನ್ನ ಮುಖ ನೋಡಿ ಮೆತ್ತಗೆ ಹೇಳಿದಳು, "ಚೆಂದಾಗೈತೆ ಸಾ. ಅಸೀಗಾಕಿ."

"ಹಸುವಿಗಾ? ಮನುಷ್ಯರು ತಿನ್ನಬಾರದಾ?"

"ತಿಂದ್ರೆ ಏನೂ ಆಗಕಿಲ್ಲ ಸಾ. ಬರೀ ಉಲ್ಲು."

ನಮ್ಮ ಮನೆಯಲ್ಲಿ ಹಸು ಇಲ್ಲ. ವಾಣಿ ಆ ಹುಲ್ಲನ್ನು ನನ್ನ ತಿಂಡಿ ತಟ್ಟೆಯ ಪಕ್ಕ ಇಟ್ಟಳು.

ಇಷ್ಟಕ್ಕೆ ಹೆದರುವವನು ನಾನಲ್ಲ. ಸಣ್ಣ ಎಲೆಗಳೆಲ್ಲ ಒಂದೇ ಥರ ಕಾಣುತ್ತವೆ, ತಪ್ಪು ಎಲೆಗಳದ್ದು. ಯಾರೂ ಅಲ್ಲಗಳೆಯಲಾಗದ ದೊಡ್ಡ ಎಲೆಯೇ ಆಗಬೇಕೆಂದು ನಿರ್ಧರಿಸಿ, ಶುಕ್ರವಾರ ನಾಲೆಯ ಬದಿಯ ಕೆಸರಿಗೆ ಪ್ಯಾಂಟು ಮಡಿಸಿ ಇಳಿದೆ. ಆನೆಯ ಕಿವಿಯಂಥ ಕೆಸುವಿನ ಎಲೆಗಳು, ಒಂದು ಡಜನ್ನು! ಕೆಸು ನನಗೆ ಖಂಡಿತ ಗೊತ್ತಿತ್ತು. ಅದರ ಗಡ್ಡೆ ತಿನ್ನುತ್ತಾರೆ, ಎಲೆಯನ್ನೂ ತಿನ್ನುತ್ತಾರೆ. ಹೇಗೆ ತಿನ್ನುತ್ತಾರೆ ಎಂಬುದು ವಿವರ. ವಿವರಗಳಿಗೆ ನಾನು ಎಂದೂ ತಲೆ ಕೆಡಿಸಿಕೊಂಡವನಲ್ಲ.

ಶನಿವಾರ ಬಂತು. ನಾಲ್ಕನೇ ಕ್ಲಾಸಿನ ಮಕ್ಕಳು ನೆಲದ ಮೇಲೆ ಚಾಪೆ ಹಾಸಿ ಕೂತಿದ್ದರು. ಎಲ್.ಕೆ.ಜಿ.ಯ ಪುಟಾಣಿಗಳನ್ನೂ ಕರೆದುತಂದು ಮುಂದಿನ ಸಾಲಿನಲ್ಲಿ ಕೂರಿಸಿದ್ದರು. ಅವರ ನಡುವೆ ಸಿರಿ. ನನ್ನನ್ನು ಕಂಡು ಪಕ್ಕದವಳಿಗೆ, "ನಮ್ಮಪ್ಪ!" ಎಂದು ಬೆರಳು ಮಾಡಿ ತೋರಿಸಿದಳು. ಇಸ್ತ್ರಿ ಷರಟಿನ ಒಳಗೆ ನಾನು ಒಂದು ಅಂಗುಲ ಬೆಳೆದೆ.

ಚಿಕ್ಕತಾಯಮ್ಮ ಒಗೆದ ಸೀರೆ ಉಟ್ಟು ಬಂದಿದ್ದಳು. ಕುರ್ಚಿ ಬೇಡವೆಂದು ಮಕ್ಕಳ ಮಧ್ಯೆಯೇ ಕೂತು, ಬುಟ್ಟಿಯಿಂದ ಒಂದೊಂದೇ ಸೊಪ್ಪು ತೆಗೆದು ಕೈಗೆ ಕೊಡತೊಡಗಿದಳು. "ಇದು ಅಣ್ಣೆಸೊಪ್ಪು. ಇದು ಗಣಿಕೆ, ಬಾಯುಣ್ಣಾದ್ರೆ ತಿನ್ನಿ. ಇದು ಒಂದೆಲಗ, ಎಲೆ ನೋಡ್ರವ್ವ, ಎಂಗೈತೆ?" ಮಕ್ಕಳು ಮೂಸಿದರು, ಹರಿದರು, ನಕ್ಕರು. ಬಾಯಿ ಬರುವುದಿಲ್ಲವೆಂದು ನಾನು ಹೇಳಿದ್ದ ಹೆಂಗಸು!

ಒಬ್ಬ ಹುಡುಗಿ ಎದ್ದು ಕೇಳಿದಳು, "ಅಜ್ಜಿ, ಇದ್ರಲ್ಲಿ ಯಾವ ವಿಟಮಿನ್ ಇದೆ?"

"ಅದ್ ನಂಗ್ ಗೊತ್ತಿಲ್ಲ ಕಣ್ ಮಗ" ಎಂದಳು ಚಿಕ್ಕತಾಯಮ್ಮ, ಒಂದು ಚೂರೂ ನಾಚಿಕೆಯಿಲ್ಲದೆ.

ನನಗೆ ಬೇಕಾಗಿದ್ದ ಸಂದರ್ಭ! ಎದ್ದೆ. ಗಂಟಲು ಸರಿಮಾಡಿಕೊಂಡೆ. "ಮಕ್ಕಳೇ, ಹಸಿರು ಸೊಪ್ಪಿನಲ್ಲಿ ಎಲ್ಲಾ ವಿಟಮಿನ್ನುಗಳೂ ಇವೆ. ಎ ಯಿಂದ ಜೆಡ್ ವರೆಗೆ."

ಹಿಂದಿನ ಸಾಲಿನಿಂದ ಮೈತ್ರಿಯ ದನಿ ಬಂತು. "ವಿಟಮಿನ್ ಜೆಡ್ ಇದ್ಯಾ ಅಪ್ಪ?"

"ಸೊಪ್ಪಿನಲ್ಲಿ ಮಾತ್ರ ಇದೆ!"

ಟೀಚರು ಕಿಟಕಿಯಾಚೆ ನೋಡಿದರು. ನಾನು ತಡಮಾಡದೆ ಮನೆಯಿಂದ ತಂದಿದ್ದ ನೀರಿನ ಬಕೆಟ್ಟಿನಿಂದ ಕೆಸುವಿನ ಎಲೆ ಎತ್ತಿ, ಅದರ ಮೇಲೆ ನೀರು ಚಿಮುಕಿಸಿದೆ. ಹನಿಗಳು ಮುತ್ತಿನಂತೆ ಉರುಳಿದವು, ಎಲೆ ಮಾತ್ರ ನೆನೆಯಲಿಲ್ಲ. ಮಕ್ಕಳೆಲ್ಲ "ಓ!" ಎಂದರು. ಎಲ್.ಕೆ.ಜಿ. ಎದ್ದುನಿಂತು ಚಪ್ಪಾಳೆ ತಟ್ಟಿತು. ನಾನು ಎಲೆಗಳನ್ನು ಮುಂದಿನ ಸಾಲಿಗೆಲ್ಲ ಹಂಚಿದೆ. ಮನುಷ್ಯ ಇಲ್ಲಿಗೆ ನಿಲ್ಲಿಸಬೇಕು. ನಿಲ್ಲಿಸಿದ್ದರೆ ಈ ಬರಹವೇ ಇರುತ್ತಿರಲಿಲ್ಲ.

"ಸಾರ್, ಇದನ್ನ ತಿನ್ಬೋದಾ?" ಎಂದಿತು ಒಂದು ಮಗು.

"ಧಾರಾಳವಾಗಿ!"

ಚಿಕ್ಕತಾಯಮ್ಮ ಅರ್ಧ ಎದ್ದಳು. "ಸಾ, ಅಸೀದು ಬ್ಯಾಡಿ ಸಾ, ಅದು..."

ನಾನು ಅಂಗೈ ಎತ್ತಿ ತಡೆದೆ. "ಅಮ್ಮಾ, ಇದು ನನ್ನ ವಿಭಾಗ." ಹಾಗೆಂದು ಎಳೆಯ ಎಲೆಯೊಂದನ್ನು ವೀಳ್ಯದೆಲೆಯಂತೆ ಮಡಿಸಿ ಬಾಯಿಗಿಟ್ಟು, ಚೆನ್ನಾಗಿ ಅಗಿದು, ನಲವತ್ತು ಮಕ್ಕಳ ಎದುರು ಮುಗುಳ್ನಕ್ಕೆ.

ಮುಗುಳ್ನಗೆ ಅರ್ಧದಲ್ಲೇ ನಿಂತಿತು. ಮೊದಲು ನಾಲಿಗೆಯ ತುದಿಯಲ್ಲಿ ಒಂದು ಸೂಜಿ ಚುಚ್ಚಿದಂತಾಯಿತು. ಆಮೇಲೆ ಹತ್ತು. ಆಮೇಲೆ ಸೂಜಿ ಅಂಗಡಿಯೇ ಬಾಯಿಯೊಳಗೆ ಮಗುಚಿಕೊಂಡಿತು! ಕೆನ್ನೆ, ತುಟಿ, ಗಂಟಲು ಎಲ್ಲ ಕಡೆ ತುರಿಕೆ; ಕೆರೆದುಕೊಳ್ಳೋಣವೆಂದರೆ ನಾಲಿಗೆಯನ್ನು ಕೆರೆಯುವುದು ಹೇಗೆ? ಎಲೆ ಉಗಿದೆ. ಕಣ್ಣಲ್ಲಿ ನೀರು, ಬಾಯಲ್ಲಿ ಜೊಲ್ಲು. "ಮಕ್ಕಳೇ, ಗಾಬರಿ ಬೇಡ" ಎನ್ನಹೋದೆ. "ಮಹ್ಹಹೇ ಹಾಹಹಿ ಹೇಹ" ಎಂದಾಯಿತು. ಎಲ್.ಕೆ.ಜಿ. ಖುಷಿಯಾಗಿ ಒಕ್ಕೊರಲಿನಿಂದ "ಮಹ್ಹಹೇ!" ಎಂದು ಹೇಳಿತು. ಪುಟಾಣಿಗಳಿಗೆ ಇದೂ ಪಾಠದ ಭಾಗ.

ಆಗ ಸಿರಿಯನ್ನು ನೋಡಿದೆ.

ಅವಳು ನಾನು ಕೊಟ್ಟ ಎಲೆಯನ್ನು ನಾನು ಮಾಡಿದಂತೆಯೇ ಮಡಿಸುತ್ತಿದ್ದಳು. ಪುಟ್ಟ ಕೈಗಳಲ್ಲಿ, ಬಹಳ ಶ್ರದ್ಧೆಯಿಂದ. ತಿನ್ನಬಹುದೆಂದು ಅಪ್ಪ ಹೇಳಿದ್ದಾನಲ್ಲ.

"ಬೇಡ!" ಎಂದು ಕೂಗಿದೆ. ಬಂದದ್ದು "ಹೇಹ!" ಕೈ ಬೀಸಿದೆ. ಬೇಗ ತಿನ್ನು ಎನ್ನುತ್ತಿದ್ದೇನೆಂದು ತಿಳಿದು ಅವಳು ಎಲೆಯನ್ನು ತುಟಿಗೆ ತಂದಳು. ನನಗೂ ಅವಳಿಗೂ ನಡುವೆ ಬಕೆಟ್ಟು, ಬುಟ್ಟಿ, ಚಾಚಿದ ಪುಟ್ಟ ಕಾಲುಗಳು. ಮುನ್ನುಗ್ಗಿದೆ, ಬಕೆಟ್ಟಿಗೆ ಎಡವಿ ಮೊಣಕಾಲಿನ ಮೇಲೆ ಬಿದ್ದೆ. ಹತ್ತೊಂಬತ್ತು ವರ್ಷ ಪಾಠ ಹೇಳಿದ ಬಾಯಿ ನನ್ನದು. ಆ ಕ್ಷಣಕ್ಕೆ ಬೇಕಾಗಿದ್ದ ಎರಡಕ್ಷರ ಅದರಿಂದ ಹೊರಡಲಿಲ್ಲ. ನಿಜ ಹೇಳುತ್ತೇನೆ, ಬಾಯಿಯ ಉರಿ ಮರೆತೇಹೋಯಿತು.

"ಸಿರೀ, ತಿನ್ಬೇಡ! ಅಜ್ಜಿನ ಕೇಳು!" ಮೈತ್ರಿ ಹಿಂದಿನಿಂದ ಕಿರುಚಿದಳು.

ಸಿರಿಯ ಕೈ ನಿಂತಿತು. ನೆಲದ ಮೇಲೆ ಜೊಲ್ಲು ಸುರಿಸುತ್ತಿದ್ದ ನನ್ನನ್ನು ನೋಡಿದಳು. ಆಮೇಲೆ ಚಿಕ್ಕತಾಯಮ್ಮನನ್ನು ನೋಡಿದಳು. ಮತ್ತೆ ನನ್ನನ್ನು ನೋಡಿದಳು. ಆಮೇಲೆ ಕೇಳಿದಳು.

"ಅಜ್ಜಿ, ಇದು ತಿನ್ಬೋದಾ?"

"ಬ್ಯಾಡ ಕಣವ್ವ. ಅಸೀದು ತಿಂದ್ರೆ ನಾಲ್ಗೆ ತುರಿಸ್ತದೆ. ಇಲ್ ಕೊಡು."

ಸಿರಿ ಎಲೆಯನ್ನು ಅವಳ ಕೈಗಿಟ್ಟಳು. ಅಷ್ಟೇ. ನಾಲ್ಕು ವರ್ಷ ಕಟ್ಟಿದ ಸಂಸ್ಥಾನ ನಾಲ್ಕು ಉಸಿರಿನಲ್ಲಿ ವಿಲೀನವಾಯಿತು! ಮತ್ತು ನನ್ನ ಜೀವಮಾನದಲ್ಲಿ ಸೋತದ್ದಕ್ಕೆ ಅಷ್ಟು ಸಂತೋಷ ನನಗೆ ಎಂದೂ ಆಗಿರಲಿಲ್ಲ.

ಚಿಕ್ಕತಾಯಮ್ಮ ಉಳಿದ ಎಲೆಗಳನ್ನೆಲ್ಲ ಸರಸರನೆ ಕಸಿದುಕೊಂಡು, ಬಾಗಿಲ ಕಡೆ ಕೂಗಿದಳು. "ಯಾರವ್ವಾ ಅಡ್ಗೆಮನೇಲಿ? ಒಂದ್ ಉಂಡೆ ಉಣ್ಸೆಅಣ್ಣು ತತ್ತಾ!" ಬಿಸಿಯೂಟದ ಅಡುಗೆಯಾಕೆ ಹುಣಸೆಹಣ್ಣು ಹಿಡಿದು ಓಡಿಬಂದಳು. ಅದನ್ನು ನನ್ನ ಬಾಯಿಗೆ ತುರುಕಿ, ಎಲ್.ಕೆ.ಜಿ.ಯ ಒಂದು ಗೇಣೆತ್ತರದ ಕುರ್ಚಿಯ ಮೇಲೆ ಕೂರಿಸಿದರು.

ಕಾರ್ಯಕ್ರಮ ಮುಂದುವರಿಯಿತು. ನಾನೇ ಪಾಠೋಪಕರಣ.

"ನೋಡ್ರವ್ವ, ನೋಡ್ರಪ್ಪ, ಮೇಷ್ಟ್ರು ತುಟೀನ" ಎಂದಳು ಚಿಕ್ಕತಾಯಮ್ಮ. "ಎಂಗ್ ಊದೈತೆ? ಅದ್ಕೇ ಕೆಸಿನೆಲೇನ ಉಣ್ಸೆಅಣ್ ಆಕಿ ಚೆಂದಾಗಿ ಬೇಯಿಸ್ಬೇಕು. ಉಳಿ ಬಿದ್ರೆ ತುರಿಕೆ ಓಯ್ತದೆ."

ಮಕ್ಕಳು ಸಾಲಾಗಿ ಬಂದು ನನ್ನ ತುಟಿ ನೋಡಿ ಹೋದರು. ಕೆಲವರು ಎರಡನೇ ಸಲ ಸಾಲಿನಲ್ಲಿ ನಿಂತರು.

"ಅಜ್ಜಿ, ಸಾರ್ ಬದುಕ್ತಾರಾ?" ಎಂದು ಒಬ್ಬ ಕೇಳಿದ.

"ಬದುಕ್ದೆ ಏನ್ ಮಗ! ಒಂದೊತ್ತು ಮಾತಾಡಕಿಲ್ಲ, ಅಷ್ಟೇ."

ಟೀಚರ ಮುಖದಲ್ಲಿ ಕಂಡದ್ದು ಸಮಾಧಾನವೋ ಸಂತೋಷವೋ ನಾನು ಹೇಳಲಾರೆ.

ಮನೆಗೆ ಬಂದಾಗ ವಾಣಿ ಟಾರ್ಚು ಹಾಕಿ ಬಾಯಿಯೊಳಗೆ ಇಣುಕಿದಳು. "ಉಸಿರಾಡೋಕೆ ಕಷ್ಟ ಆಗ್ತಿದ್ಯಾ?" ಇಲ್ಲವೆಂದು ತಲೆಯಾಡಿಸಿದೆ. "ನುಂಗೋಕೆ?" ಸ್ವಲ್ಪ ಎಂದು ಬೆರಳಲ್ಲಿ ತೋರಿಸಿದೆ. "ಸಂಜೆ ಒಳಗೆ ಇಳೀದಿದ್ರೆ ಡಾಕ್ಟರ ಹತ್ರ ಹೋಗೋಣ" ಎಂದು ತಣ್ಣನೆ ಮಜ್ಜಿಗೆ ಕೊಟ್ಟಳು. ನಾನು ಕುಡಿಯುವವರೆಗೆ ಕಾದಿದ್ದು, ಆಮೇಲೆ ಗೋಡೆಗೆ ತಿರುಗಿಕೊಂಡು ನಕ್ಕಳು. ಭುಜ ಕುಲುಕಿದ್ದು ನನಗೆ ಕಂಡಿತು. ಈ ಸಲ ಕೆಮ್ಮು ಎಂದುಕೊಳ್ಳಲು ಆಗಲಿಲ್ಲ.

ಮಧ್ಯಾಹ್ನ ಮನೆ ವಿಚಿತ್ರವಾಗಿ ನಿಶ್ಶಬ್ದವಾಗಿತ್ತು. ಮೈತ್ರಿ ನನ್ನ ಪಕ್ಕ ಬಂದು ಕೂತಳು. ಅವಳ ನೋಟ್‌ಬುಕ್ಕು ಎಳೆದುಕೊಂಡು ಬರೆದೆ: 'ನೀನು ಅಜ್ಜಿಯನ್ನೇ ಯಾಕೆ ಆರಿಸಿದೆ?'

ನನ್ನ ಮನಸ್ಸು ನೋಯಿಸಬಾರದೆಂಬ ಕಾಳಜಿ ಅವಳ ಕಣ್ಣಲ್ಲಿತ್ತು, ಆದರೆ ನಿಜ ಹೇಳಬೇಕೆಂಬ ಹಟವೂ ಇತ್ತು.

"ಅಜ್ಜಿ ಗೊತ್ತಿಲ್ಲದಿದ್ರೆ ಗೊತ್ತಿಲ್ಲ ಅಂತಾರೆ ಅಪ್ಪ. ಅದಕ್ಕೇ ಅವ್ರು ಗೊತ್ತು ಅಂದಾಗ ನಿಜವಾಗ್ಲೂ ಗೊತ್ತು ಅಂತ ಗೊತ್ತಾಗುತ್ತೆ. ನೀನು ಎಲ್ಲಾನೂ ಒಂದೇ ಥರ ಹೇಳ್ತೀಯ. ಯಾವುದು ನಿಜ್ವಾಗ್ಲೂ ಗೊತ್ತು, ಯಾವುದು ಇಲ್ಲ ಅಂತ ನಮಗೆ ಹೆಂಗೆ ಗೊತ್ತಾಗ್ಬೇಕು?"

ಬಿ.ಎಡ್.ನಲ್ಲಿ ಇದನ್ನು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅವಳು ನನ್ನ ಊದಿದ ಕೆನ್ನೆ ಮುಟ್ಟಿ, "ನೋವಾಗ್ತಿದ್ಯಾ?" ಎಂದಳು. ತಲೆಯಾಡಿಸಿದೆ. "ಅದು ನಂಬ್ತೀನಿ" ಎಂದಳು.

ಎರಡು ದಿನಕ್ಕೆ ತುಟಿ ಇಳಿಯಿತು. ನಾನೂ ಸುಧಾರಿಸಿಕೊಂಡೆ. ಮನುಷ್ಯ ಪಾಠ ಕಲಿಯಬೇಕು, ಕಲಿತದ್ದನ್ನು ಪ್ರದರ್ಶಿಸಲೂ ಬೇಕು! 'ಗೊತ್ತಿಲ್ಲ' ಎನ್ನುವುದೇ ಇನ್ನು ಮುಂದೆ ನನ್ನ ನೀತಿ ಎಂದು ನಿಶ್ಚಯಿಸಿದೆ. ಸುಮ್ಮನೆ ಗೊಣಗುವ ಗೊತ್ತಿಲ್ಲವಲ್ಲ. ಎದೆಯುಬ್ಬಿಸಿ, ಸ್ಪಷ್ಟ ಉಚ್ಚಾರಣೆಯಲ್ಲಿ, ಕೇಳಿದವರು ಬೆರಗಾಗುವಂಥ ಗೊತ್ತಿಲ್ಲ. ಸ್ನಾನ ಮಾಡುವಾಗ ನಾಲ್ಕು ಸಲ ಅಭ್ಯಾಸವನ್ನೂ ಮಾಡಿದೆ. ಹೆಂಡತಿ ಬಾಗಿಲು ತಟ್ಟಿ, "ಏನ್ರೀ ಗೊತ್ತಿಲ್ಲ, ಸೋಪು ಎಲ್ಲಿದೆ ಅಂತಾನಾ?" ಎಂದು ಕೇಳಿದಳು.

ಅವಕಾಶ ಮುಂದಿನ ಭಾನುವಾರವೇ ಕೂಡಿಬಂತು. ನಾವೆಲ್ಲ ಹೊಳೆ ದಡಕ್ಕೆ ಹೋಗಿದ್ದೆವು. ಸಿರಿ ನೀರಿಗೆ ಮಂಡಕ್ಕಿ ಎಸೆಯುತ್ತಿದ್ದಳು, ಮೀನುಗಳು ಮುತ್ತಿಕೊಂಡಿದ್ದವು. ಇದ್ದಕ್ಕಿದ್ದಂತೆ ಅವಳು ಕೇಳಿದಳು, "ಮೀನಿಗೆ ನೆಗಡಿ ಆಗುತ್ತಾ?"

ಎದ್ದು ನಿಂತೆ. ಉಸಿರೆಳೆದುಕೊಂಡೆ. ಮೆಟ್ಟಿಲ ಮೇಲಿದ್ದ ನಾಲ್ಕು ಜನರಿಗೂ ಕೇಳುವಂತೆ, ನನ್ನ ಬದುಕಿನಲ್ಲಿ ಮೊಟ್ಟಮೊದಲ ಬಾರಿಗೆ ಘೋಷಿಸಿದೆ.

"ನನಗೆ ಗೊತ್ತಿಲ್ಲ, ಮಗಳೇ!"

ಸಿರಿ ತಿರುಗಿ ನೋಡಿದಳು.

"ನಿನ್ನ ಕೇಳ್ಲಿಲ್ಲಪ್ಪ. ಅಕ್ಕನ್ನ ಕೇಳಿದ್ದು."